ಲುವಾಂಗ್ ಪ್ರಬಾಂಗ್ ಪ್ರವಾಸ: ನಮ್ಮನ್ನು ಕೇಳದೆ ಕೈಬಿಟ್ಟ ಲಾವೋ ಊಟದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಅತಿಥಿ ಬಾಣಸಿಗರ ವಾರಾಂತ್ಯದ ಭಾನುವಾರದ ಊಟವನ್ನು ರದ್ದುಪಡಿಸಿದ್ದು.

ಮಾನ್ಯರೇ,

ಕಳೆದ ಜನವರಿಯಲ್ಲಿ ನಾನು, ನನ್ನ ಪತಿ ಮತ್ತು ಅತ್ತೆಯವರು ತಮ್ಮ ಸಂಸ್ಥೆಯ ಹದಿನಾಲ್ಕು ಮಂದಿಯ ಗುಂಪಿನಲ್ಲಿ ಲಾವೋಸ್‌ನ ಹಳೆಯ ರಾಜಧಾನಿಯಾದ ಲುವಾಂಗ್ ಪ್ರಬಾಂಗ್‌ಗೆ ಹೋಗಿದ್ದೆವು. ವಿದೇಶದಲ್ಲಿ ನೆಲೆಸಿರುವ ಲಾವೋ ಮೂಲದ ಬಾಣಸಿಗರೊಬ್ಬರು ತಾಯ್ನಾಡಿಗೆ ಬಂದು ಎರಡು ರಾತ್ರಿ ತಮ್ಮವರ ಅಡುಗೆಯನ್ನು ಉಣಬಡಿಸಿ, ಅದರ ಹಿನ್ನೆಲೆಯನ್ನು ವಿವರಿಸುತ್ತಾರೆಂದು ತಮ್ಮ ಕರಪತ್ರದಲ್ಲಿತ್ತು. ಅದಕ್ಕೆಂದೇ ನಾವು ತಲಾ 11,000 ರೂಪಾಯಿ ಹೆಚ್ಚುವರಿಯಾಗಿ ಕಟ್ಟಿದ್ದೆವು.

ಶನಿವಾರದ ಊಟದ ಬಗ್ಗೆ ನನ್ನದು ಒಂದು ಮಾತಿನ ದೂರೂ ಇಲ್ಲ. ಹಿಂದಿನ ರಾತ್ರಿಯೇ ನೆನೆಹಾಕಿ, ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯ ಅನ್ನ, ಅಂದರೆ ಖಾವ್ ನಿಯಾವ್, ಪ್ರತಿಯೊಬ್ಬರ ಮುಂದೆಯೂ ಮುಚ್ಚಳವಿರುವ ಪುಟ್ಟ ಬುಟ್ಟಿಯಲ್ಲಿ ಬಂತು. ಮಂಡ್ಯದ ಕಡೆಯವರಾದ ನಮ್ಮ ಅತ್ತೆಯವರು, ಮುದ್ದೆ ಮುರಿದು ಅಭ್ಯಾಸವಿರುವ ಕೈಯಲ್ಲಿ ಅದನ್ನು ಚಿಕ್ಕ ಉಂಡೆ ಮಾಡಿ, ಸುಟ್ಟ ಬದನೆಕಾಯಿಯ ಜೇವ್ ಎಂಬ ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡಾಗ, ಬಾಣಸಿಗರು ಅವರ ಪಕ್ಕದಲ್ಲೇ ಬಂದು ಕುಳಿತರು. 1975ರಲ್ಲಿ ರಾಜಪ್ರಭುತ್ವ ಕೊನೆಗೊಂಡ ಬಳಿಕ ತಮ್ಮ ತಂದೆತಾಯಿ ಮೆಕಾಂಗ್ ನದಿಯನ್ನು ದಾಟಿ ಥಾಯ್ಲೆಂಡಿಗೆ ಹೋದದ್ದನ್ನು, ಪರದೇಶದಲ್ಲಿ ವರ್ಷಗಟ್ಟಲೆ ತಮ್ಮ ಅಡುಗೆಯನ್ನು ಥಾಯ್ ಅಡುಗೆಯೆಂಬ ಹೆಸರಿನಲ್ಲಿಯೇ ಮಾರಬೇಕಾಗಿ ಬಂದದ್ದನ್ನು ಹೇಳಿದರು. ನಮ್ಮಲ್ಲಿ ಐವರು ಸಸ್ಯಾಹಾರಿಗಳೆಂಬುದನ್ನು ತಮ್ಮ ಕಚೇರಿ ಅವರಿಗೆ ತಿಳಿಸಿಯೇ ಇರಲಿಲ್ಲ. ಅವರೇ ಕೇಳಿ ಬರೆದುಕೊಂಡರು.

ಭಾನುವಾರ ರಾತ್ರಿ ಆ ಹಳೆಯ ರಾಜಧಾನಿಯದೇ ಆದ ತಿನಿಸುಗಳಿದ್ದವು: ನದಿಯ ಪಾಚಿಯನ್ನು ಎಳ್ಳಿನೊಂದಿಗೆ ಒಣಗಿಸಿ ಕರಿಯುವ ಕೈಪೆನ್, ನಮ್ಮ ಕಾಳುಮೆಣಸಿನ ಕುಲಕ್ಕೇ ಸೇರಿದ ಬಳ್ಳಿಯ ಕಾಂಡ ಹಾಕಿ ಬೇಯಿಸುವ ಓ ಲಾಮ್. ಆದರೆ ಸಂಜೆ ಬಸ್ಸು ಹತ್ತಿದ ಮೇಲೆ ತಮ್ಮ ಟೂರ್ ಮ್ಯಾನೇಜರ್, ಇಲ್ಲಿನವರು ಎಲ್ಲಕ್ಕೂ ಮೀನು ಹಾಕುತ್ತಾರೆ, ನಮ್ಮ ಜನಕ್ಕೆ ನಮ್ಮ ಊಟವೇ ಸರಿ ಎಂದು ಹೇಳಿ, ಎಲ್ಲರನ್ನೂ ಉತ್ತರ ಭಾರತೀಯ ಹೋಟೆಲೊಂದಕ್ಕೆ ಕರೆದೊಯ್ದರು. ಜೀರಾ ರೈಸ್, ದಾಲ್ ಮತ್ತು ಪನೀರ್ ತಿನ್ನಲು ಬೆಂಗಳೂರಿನಿಂದ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಹುದುಗಿಸಿದ ಮೀನಿನ ಪಾಡೇಕ್ ಅಲ್ಲಿನ ಅನೇಕ ಅಡುಗೆಗಳ ಜೀವಾಳ ಎಂಬುದು ನಿಜ. ಆದರೆ ಅದನ್ನು ಬಿಟ್ಟು ಮಾಡುವ ಬಗೆ ಗೊತ್ತಿದ್ದವರು ಆ ಬಾಣಸಿಗರೇ. ಅವರನ್ನಾಗಲಿ ನಮ್ಮನ್ನಾಗಲಿ ಯಾರೂ ಕೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ನಾವು ಮೂವರೂ ಕ್ಷಮೆ ಕೇಳಲೆಂದು ಅವರ ಅಡುಗೆಮನೆಗೆ ಹೋದೆವು. ಹದಿನಾಲ್ಕು ಬುಟ್ಟಿಗಳು ಮುಚ್ಚಿದಂತೆಯೇ ಮೇಜಿನ ಮೇಲಿದ್ದವು. ನಾವು ಬರುವುದಿಲ್ಲವೆಂಬ ಸುದ್ದಿ ಅವರಿಗೆ ತಲುಪಿದ್ದು ಅನ್ನ ಬೆಂದಾದ ಮೇಲೆ. ಬೇರೆಯಾಗಿ ಇಟ್ಟಿದ್ದ ಐದು ಬಾಳೆಎಲೆಯ ಪೊಟ್ಟಣಗಳಲ್ಲಿ ಒಂದನ್ನು ಅವರು ಬಿಚ್ಚಿ ಅತ್ತೆಯವರ ಕೈಗಿತ್ತರು: ಅಣಬೆ, ಸಬ್ಬಸಿಗೆ ಸೊಪ್ಪು, ನಿಂಬೆಹುಲ್ಲು, ಉಪ್ಪು. ಮೀನಿನ ಸೋಂಕೂ ಇರಲಿಲ್ಲ. ಅದು ಆರಿ ತಣ್ಣಗಾಗಿತ್ತು. ಅತ್ತೆಯವರು ನಿಂತುಕೊಂಡೇ ಪೂರ್ತಿ ತಿಂದರು.

ಹಣ ಪಡೆದು ಒಪ್ಪಿಕೊಂಡ ಊಟವನ್ನು ನಮ್ಮ ಒಪ್ಪಿಗೆಯಿಲ್ಲದೆ ಬದಲಿಸಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆಯಾಗುತ್ತದೆ. ಆದ್ದರಿಂದ ಭಾನುವಾರದ ಪಾಲಿನ ತಲಾ 5,500 ರೂಪಾಯಿಯಂತೆ ನಮ್ಮ ಮೂವರ 16,500 ರೂಪಾಯಿಯನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸಬೇಕು. ಆ ಬಾಣಸಿಗರಿಗೆ ಸಂಸ್ಥೆಯ ಪರವಾಗಿ ಲಿಖಿತ ಕ್ಷಮಾಪಣೆ ಕಳುಹಿಸಿ, ಅದರ ಪ್ರತಿಯನ್ನು ನಮಗೂ ಕೊಡಬೇಕು. ಹಣಕ್ಕಿಂತ ನನಗೆ ಮುಖ್ಯವಾದದ್ದು ಇದು. ಇದಕ್ಕೆ ಉತ್ತರ ಬಾರದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಪಾವತಿಯ ರಸೀದಿ ಮತ್ತು ಕರಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಪ್ರವಾಸಿ ಗುಂಪಿನ ಸದಸ್ಯೆ, ಬೆಂಗಳೂರು