ಮೆರವಣಿಗೆ ಆಮೇಲೆ, ಮೊದಲು ಹತ್ತು ಜನ

ಕಲಬುರಗಿ
ಬುಧವಾರ ರಾತ್ರಿ

ಪ್ರೀತಿಯ ಅಳಿಯನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಭಾನುವಾರ ಆರಾಧನೆ ಮುಗಿದ ಮೇಲೆ ನೀನು ಕೈಗಿಟ್ಟು ಹೋದ ಹಾಳೆಯನ್ನು ಎರಡು ಸಲ ಓದಿದೆ. ಊರಿನ ಚರ್ಚ್ ಸಭೆಗಳನ್ನೆಲ್ಲ ಒಂದೇ ಮೈದಾನಕ್ಕೆ ಕರೆಯುವುದು. ದಾರಿ ತಪ್ಪುತ್ತಿರುವ ಐದುನೂರು ಹುಡುಗರಿಗೆ ಐದುನೂರು ಜನ ಮಾರ್ಗದರ್ಶಕರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಜಗತ್ ಸರ್ಕಲ್‌ನಿಂದ ಮೆರವಣಿಗೆ. ಖರ್ಚಿನ ಪಟ್ಟಿಯಲ್ಲಿ ಮೈಕು, ಪೆಂಡಾಲು, ಊಟ ಎಲ್ಲಾ ಇದೆ. ಮರುದಿನ ಯಾರು ಯಾವ ಹುಡುಗನ ಮನೆಗೆ ಹೋಗುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಎದುರಿಗೆ ಹೇಳಿದರೆ ನಿನ್ನ ಮುಖ ಸಣ್ಣದಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಳಕಳಿ ಸುಳ್ಳಲ್ಲ ತಮ್ಮಾ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಗೆ ಬಂತು. ಪಾಸಾದವರು ನೂರಕ್ಕೆ ನಲವತ್ತೆರಡು ಚಿಲ್ಲರೆ. ಉಳಿದ ಮಕ್ಕಳು ಎಲ್ಲಿ ಹೋದರು? ಕೆಲವರು ಗ್ಯಾರೇಜಿಗೆ, ಕೆಲವರು ದಾಲ್ ಮಿಲ್ಲಿಗೆ, ಕೆಲವರು ಅಪ್ಪನ ಹಿಂದೆ ಪುಣೆಗೆ. ಇನ್ನು ಕೆಲವರು ರಾತ್ರಿ ರಿಂಗ್ ರೋಡಿನಲ್ಲಿ ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ರೀಲ್ ಹಾಕುತ್ತಾರೆ. ಆಮೇಲೆ ಪೊಲೀಸರು ಎಳೆದುಕೊಂಡು ಹೋದಾಗ ಅವರ ತಾಯಂದಿರು ನಮ್ಮಂಥವರ ಬಾಗಿಲಿಗೆ ಬರುತ್ತಾರೆ.

ನಾನು ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳಬೇಕು.

ನೌಕರಿಯಲ್ಲಿದ್ದಾಗ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ಗೌಂಡಿ ಕೆಲಸಕ್ಕೆ ಅಂತ ಹೋದವನು ತಿರುಗಿ ಬಂದಿರಲಿಲ್ಲ. ತಾಯಿ ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುತ್ತಿದ್ದಳು. ಹುಡುಗನಿಗೆ ಓದಲು ಬರುತ್ತಿತ್ತು, ಆದರೆ ಸಂಜೆ ಆದರೆ ಮಟ್ಕಾ ಬರೆಯುವವರ ಚೀಟಿ ಒಯ್ಯುತ್ತಿದ್ದ. ವಾರಕ್ಕೆ ಮೂರು ಸಂಜೆ ನಮ್ಮ ಮನೆಗೆ ಬಾ ಅಂದೆ. ಬಂದ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮೊದಲು ಬಾಗಿಲ ಹತ್ತಿರ ಕೂಡುತ್ತಿದ್ದವನು ಕೊನೆಕೊನೆಗೆ ಅಡುಗೆಮನೆಗೇ ಬಂದು, ಟೀಚರ್, ಇವತ್ತು ಏನು ಪಲ್ಯ ಅಂತ ಕೇಳುತ್ತಿದ್ದ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಮದುವೆ ಗೊತ್ತಾಯಿತು. ಒಂದು ತಿಂಗಳು ಬಿಟ್ಟು ಬಾ ಅಂದೆ. ಮದುವೆ ಮುಗಿಯಿತು, ಬೇಸಿಗೆ ಬಂತು, ನಾನೂ ಮೈಮರೆತೆ. ಅವನು ಎರಡು ಸಲ ಬಂದು ಗೇಟಿನ ಕೀಲಿ ನೋಡಿ ಹೋದನಂತೆ. ನಾನು ಹುಡುಕಿಕೊಂಡು ಹೋಗಲಿಲ್ಲ.

ವರ್ಷಗಳ ಮೇಲೆ ಗಂಜ್‌ನಲ್ಲಿ ಅವನ ತಾಯಿ ಸಿಕ್ಕಳು. ಮಗ ಹೈದರಾಬಾದಿನಲ್ಲಿದ್ದಾನೆ ಅಂದಳು. ಏನು ಮಾಡುತ್ತಾನೆ ಅಂದರೆ ಮಾತು ತೇಲಿಸಿದಳು. ಆಮೇಲೆ ಹೊರಡುವಾಗ ಅಂದಳು: "ಟೀಚರಮ್ಮ ನನ್ನ ಮ್ಯಾಲ ಸಿಟ್ಟಾಗ್ಯಾರ, ನಾ ಏನ್ ತಪ್ಪು ಮಾಡೀನೋ ಗೊತ್ತಿಲ್ಲ ಅಂತಿದ್ದರಿ ಅಂವ."

ನೋಡು, ಕೈಬಿಟ್ಟವಳು ನಾನು. ತಪ್ಪು ಹುಡುಕಿದ್ದು ಅವನು, ಅದೂ ತನ್ನಲ್ಲಿ.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅಂತ ಹಳೆಯ ಸಂಸ್ಥೆ ಇದೆ. ಒಂದು ಮಗು, ಜೊತೆಗೆ ಒಬ್ಬ ದೊಡ್ಡವರು, ಅಷ್ಟೇ ಅದರ ಕೆಲಸ. 10ರಿಂದ 16 ವಯಸ್ಸಿನ 959 ಮಕ್ಕಳನ್ನು ಒಂದೂವರೆ ವರ್ಷ ಗಮನಿಸಿ 1995ರಲ್ಲಿ ವರದಿ ಕೊಟ್ಟರು. ಅರ್ಧ ಮಕ್ಕಳಿಗೆ ಜೊತೆಗಾರರನ್ನು ಕೊಟ್ಟಿದ್ದರು, ಅರ್ಧ ಮಕ್ಕಳು ಪಾಳಿಯಲ್ಲಿ ಕಾಯುತ್ತಿದ್ದರು. ಜೊತೆ ಸಿಕ್ಕ ಮಕ್ಕಳು ಮಾದಕ ವಸ್ತು ಶುರು ಮಾಡುವ ಸಾಧ್ಯತೆ 46 ಶೇಕಡಾ ಕಡಿಮೆ ಆಗಿತ್ತು. ಶಾಲೆ ತಪ್ಪಿಸುವುದು ಅರ್ಧಕ್ಕೆ ಇಳಿದಿತ್ತು. ಈ ಭಾಗವನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಅದೇ ಮಕ್ಕಳ ಲೆಕ್ಕವನ್ನು 2002ರಲ್ಲಿ ಮತ್ತೆ ತೆಗೆದು ನೋಡಿದಾಗ ಇನ್ನೊಂದು ವಿಷಯ ಸಿಕ್ಕಿತು, ಅದನ್ನು ಯಾರೂ ಹೇಳುವುದಿಲ್ಲ. ವರ್ಷ ದಾಟಿದ ಜೋಡಿಗಳಲ್ಲಿ ಲಾಭ ಜಾಸ್ತಿ. ಮೂರು ತಿಂಗಳ ಒಳಗೇ ಮುರಿದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ತಮಗೇ ಇದ್ದ ಬೆಲೆ ಮೊದಲಿಗಿಂತ ಕಡಿಮೆಯಾಗಿತ್ತು. ಅದನ್ನು ಓದಿದಾಗ ನನಗೆ ಆ ಗೇಟಿನ ಕೀಲಿ ನೆನಪಾಯಿತು.

ನಿನ್ನ ಐದುನೂರು ಜನರಲ್ಲಿ ಮೆರವಣಿಗೆಯ ಹುರುಪಿಗೆ ಹೆಸರು ಕೊಟ್ಟವರು ನಾಲ್ಕುನೂರು ಇರುತ್ತಾರೆ. ತೊಗರಿ ರಾಶಿ ಬಂದರೆ, ಮಳೆ ಬಂದರೆ, ಮಗಳ ಬಾಣಂತನ ಬಂದರೆ ಅವರು ಬಿಡುತ್ತಾರೆ. ಬಿಟ್ಟ ಮೇಲೆ ಹುಡುಗ ಮೊದಲಿದ್ದ ಜಾಗದಲ್ಲೇ ಇರುವುದಿಲ್ಲ, ಒಂದು ಮೆಟ್ಟಿಲು ಕೆಳಗಿರುತ್ತಾನೆ.

ಹಾಗಾದರೆ ಸಭೆಗಳನ್ನು ಎಬ್ಬಿಸಲೇಬಾರದಾ ಅಂತ ಕೇಳುತ್ತೀಯ. ಎಬ್ಬಿಸು. ಫಿಲಡೆಲ್ಫಿಯಾದಲ್ಲಿ ವಿಲ್ಸನ್ ಗೂಡ್ ಅಂತ ಒಬ್ಬರು, ಆ ನಗರದ ಮೊದಲ ಕಪ್ಪು ಮೇಯರ್. 1992ರವರೆಗೆ ಎಂಟು ವರ್ಷ ಆ ಕುರ್ಚಿಯಲ್ಲಿದ್ದರು, ಆಮೇಲೆ ಪಾದ್ರಿಯಾದರು. ಅವರು ಚಿಕ್ಕವರಿದ್ದಾಗ ಅಪ್ಪ ಜೈಲಿಗೆ ಹೋಗಿದ್ದರು. ಕಾಲೇಜಿನ ಆಸೆ ಬಿಡು ಅಂತ ಶಾಲೆಯವರು ಅಂದಾಗ, ಓದು ಅಂತ ಬೆನ್ನಿಗೆ ನಿಂತವರು ಅವರ ಸಭೆಯ ಪಾದ್ರಿ ಮತ್ತು ಆ ಪಾದ್ರಿಯ ಹೆಂಡತಿ. ಅದನ್ನು ಅವರು ಮರೆಯಲಿಲ್ಲ. 2000ದ ದಶಕದ ಶುರುವಿನಲ್ಲಿ ಅಮಾಚಿ ಅನ್ನುವ ಕೆಲಸ ಕೈಗೆತ್ತಿಕೊಂಡು, ಜೈಲಿನಲ್ಲಿರುವವರ ಮಕ್ಕಳಿಗೆ ಚರ್ಚುಗಳ ಮೂಲಕ ಜೊತೆಗಾರರನ್ನು ಹುಡುಕಿದರು. ಒಂದೊಂದು ಚರ್ಚಿಗೂ ಅವರು ಕೇಳಿದ್ದು ಹತ್ತು ಜನರನ್ನು ಮಾತ್ರ. ವಾರಕ್ಕೆ ಒಂದು ಗಂಟೆ, ಒಂದು ವರ್ಷ. ಮೇಯರ್ ಆಗಿದ್ದವರಿಗೆ ಮೈದಾನ ತುಂಬಿಸುವುದು ಕಷ್ಟವಿತ್ತಾ?

ನಮ್ಮ ಸಭೆಗಳು ದೊಡ್ಡವಲ್ಲ. ನಾವು ಮೆಥಡಿಸ್ಟರು ಇದ್ದೇವೆ, 2005ರಲ್ಲಿ ತಮ್ಮದೇ ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತ, ಪಡೆದ ಕ್ಯಾಥೊಲಿಕರಿದ್ದಾರೆ, ಬಾಡಿಗೆ ಹಾಲಿನಲ್ಲಿ ಕೂಡುವ ಪೆಂತೆಕೊಸ್ತ್ ಸಭೆಗಳಿವೆ. ಕುರಿ ಕದ್ದರು, ಅಂದರೆ ನಮ್ಮ ಸಭೆಯ ಜನರನ್ನು ಸೆಳೆದುಕೊಂಡರು, ಅಂತ ಒಬ್ಬರಿಗೊಬ್ಬರು ಮುಖ ತಿರುಗಿಸುವುದೂ ಇದೆ. ಅವರನ್ನೆಲ್ಲ ಒಂದೇ ವೇದಿಕೆಗೆ ಹತ್ತಿಸಿದರೆ ಯಾರು ಮೊದಲು ಪ್ರಾರ್ಥಿಸಬೇಕು ಅನ್ನುವುದರಲ್ಲೇ ಸಂಜೆ ಆಗುತ್ತದೆ. ನೀನೇ ಒಂದೊಂದು ಕಡೆ ಹೋಗು. ಪಾದ್ರಿಗಳ ಹತ್ತಿರ ಹಾಲ್ ಕೇಳಬೇಡ, ಕಾಣಿಕೆ ಕೇಳಬೇಡ. ವರ್ಷ ಪೂರ್ತಿ ನಿಲ್ಲುವ ಇಬ್ಬರ ಹೆಸರು ಕೇಳು.

ಚಂದ ಹಾಡುವವರನ್ನು, ಸಾಕ್ಷಿ ಹೇಳುವವರನ್ನು ಆರಿಸಬೇಡ. ನಿವೃತ್ತ ಲೈನ್‌ಮನ್ ಇದ್ದಾರಲ್ಲ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಹೋಗುವವರು? ಅವರನ್ನು ಕೇಳು. ಆಸ್ಪತ್ರೆಯ ಸಿಸ್ಟರಮ್ಮನನ್ನು ಕೇಳು. ಆಳಂದ ನಾಕಾದ ಹತ್ತಿರ ಗ್ಯಾರೇಜ್ ಇಟ್ಟಿರುವ ಮೇಸ್ತ್ರಿ ಇದ್ದಾರೆ, ಭಾನುವಾರವೂ ಅವರ ಉಗುರಿನಲ್ಲಿ ಆಯಿಲ್ ಇರುತ್ತದೆ. ಹುಡುಗರು ಅವರ ಮಾತು ಕೇಳುತ್ತಾರೆ.

ಉಪದೇಶ ಮಾಡಲು ಎಲ್ಲರಿಗೂ ಆಸೆ. ಆದರೆ ಹುಡುಗನಿಗೆ ಬೇಕಾದದ್ದು ಎಷ್ಟೋ ಸಲ ಒಂದು ಕಾಗದ. ಫೇಲ್ ಆದವನಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ ಅಂತಲೇ ಮನೆಯವರಿಗೆ ಗೊತ್ತಿರುವುದಿಲ್ಲ. ಪಾಸಾದವನಿಗೆ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಮಾಡಿಸುವವರಿಲ್ಲ. 2012ರ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ಆದರೆ ಆಫೀಸಿಗೆ ನಾಲ್ಕು ಸಲ ಅಲೆಯಲು ಮಿಲ್ಲಿನ ತಾಯಿಗೆ ನಾಲ್ಕು ದಿನದ ಕೂಲಿ ಹೋಗುತ್ತದೆ. ಆಧಾರ್‌ನಲ್ಲಿ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಐಟಿಐ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ನೋಡುವವರಿಲ್ಲ. ಇಂಥ ಕೆಲಸಕ್ಕೆ ಜೊತೆಗೆ ಹೋಗಿ ಸಾಲಿನಲ್ಲಿ ನಿಂತರೆ, ನಿಂತ ಹೊತ್ತಿನಲ್ಲಿ ಹುಡುಗ ತಾನೇ ಮಾತಾಡುತ್ತಾನೆ. ನಾನು ಕಂಡಂತೆ ಎದುರುಬದುರು ಕೂತರೆ ಅವರು ಬಾಯಿ ಬಿಡುವುದಿಲ್ಲ.

ಇನ್ನೊಂದು ವಿಷಯ, ನಿನಗೆ ಇಷ್ಟವಾಗದೇ ಇರಬಹುದು. ಆ ಒಂದು ಗಂಟೆಯಲ್ಲಿ ಬೈಬಲ್ ತೆರೆಯಬೇಡಿ. ಬರುವ ಮಕ್ಕಳಲ್ಲಿ ನಮ್ಮವರೂ ಇರುತ್ತಾರೆ, ಲಿಂಗಾಯತರು, ಮುಸ್ಲಿಮರು, ದಲಿತರು ಎಲ್ಲರೂ ಇರುತ್ತಾರೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ಎಷ್ಟು ಗದ್ದಲ ಆಯಿತು, 2023ರಲ್ಲಿ ಸಂಪುಟ ಅದನ್ನು ರದ್ದು ಮಾಡುತ್ತೇವೆ ಅಂದಾಗ ಎಷ್ಟು ಆಯಿತು, ನೀನೇ ನೋಡಿದ್ದೀಯ. ಆ ಭಯಕ್ಕೆ ನಾನು ಹೇಳುತ್ತಿಲ್ಲ. ಸಹಾಯದ ಒಳಗೆ ಗಾಳ ಇದೆ ಅಂತ ಒಮ್ಮೆ ಅನಿಸಿದರೆ ಹುಡುಗ ಮತ್ತೆ ಯಾರನ್ನೂ ನಂಬುವುದಿಲ್ಲ. ಮೊದಲ ದಿನವೇ ತಂದೆತಾಯಿಯ ಹತ್ತಿರ ಹೋಗಿ, ನಾವು ಚರ್ಚಿನವರು, ಇಷ್ಟೇ ಮಾಡುತ್ತೇವೆ ಅಂತ ಬಾಯಿ ಬಿಟ್ಟು ಹೇಳು. ಒಪ್ಪಿಗೆ ಬರೆಸಿಕೋ. ಸಂಡೇ ಸ್ಕೂಲ್ ಅನ್ನುವುದೇ 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಶುರು ಮಾಡಿದಾಗ ಗುಂಡುಸೂಜಿ ಕಾರ್ಖಾನೆಯ ಮಕ್ಕಳಿಗೆ ಓದು ಬರಹ ಕಲಿಸುವ ಜಾಗವಾಗಿತ್ತು. ಈಗ ನಮ್ಮಲ್ಲಿ ಅದು ಇಸ್ತ್ರಿ ಅಂಗಿಯ ಮಕ್ಕಳಿಗೆ ಮಾತ್ರ ಆಗಿದೆ, ಅಲ್ವಾ?

ಮಕ್ಕಳ ಸುರಕ್ಷತೆಯಲ್ಲಿ ಮುಲಾಜು ಬೇಡ. ಯಾರೇ ಆಗಲಿ, ಪಾದ್ರಿಯ ತಮ್ಮನೇ ಆಗಲಿ, ಪೊಲೀಸ್ ಪರಿಶೀಲನೆ ಆಗದೆ ಮಗುವಿನ ಜೊತೆ ಕೂಡಿಸಬೇಡ. ಬಾಗಿಲು ಮುಚ್ಚಿದ ಕೋಣೆ ಬೇಡ, ರಾತ್ರಿಯ ಮೆಸೇಜ್ ಬೇಡ. ಹೆಣ್ಣುಮಕ್ಕಳಿಗೆ ಹೆಂಗಸರೇ. ಏನಾದರೂ ಅನುಮಾನ ಬಂದರೆ ಸಭೆಯ ಮಾನ ಅಂತ ಮುಚ್ಚಿಡುವ ಹಿರಿಯರು ಇರುತ್ತಾರೆ. ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. 1098 ಅನ್ನುವ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ದಪ್ಪಗೆ ಬರೆಸು.

ಟೀ ಶರ್ಟಿನ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ ನೋಡು. ಕೊಡದಿದ್ದರೆ ಹತ್ತು ಹೊಲಿಸು. ಬರುವ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಲೈನ್‌ಮನ್ ಅಣ್ಣನನ್ನೂ ಕರೆದುಕೊಂಡು ಬಾ. ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೋ. ಮಂಗಳವಾರ ಮತ್ತು ಗುರುವಾರ, ಸಂಜೆ ಆರರಿಂದ ಏಳು. ಗಣಿತ ನನ್ನಿಂದ ಆಗುವುದಿಲ್ಲ, ಕನ್ನಡ ಮತ್ತು ಸಮಾಜ ಮಾತ್ರ. ಮೊಣಕಾಲು ನೋವು ಇರುವುದರಿಂದ ಹುಡುಗ ನಮ್ಮ ಓಣಿಯವನೇ ಆದರೆ ಒಳ್ಳೆಯದು. ಅವನು ಬರದ ದಿನ ನಾನೇ ನಡೆದು ಹೋಗಬೇಕಲ್ಲ.

ನಿನ್ನ ಸೋದರತ್ತೆ