ಪರದೆ ಕೆಟ್ಟರೆ ಫಾರ್ಮ್ಯಾಟ್ ಮದ್ದಲ್ಲ

ಮಾನ್ಯರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಮುಂಬಯಿಯ ಕನ್ನಡಿಗರಲ್ಲೂ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಸಿಕೊಂಡವರಿದ್ದಾರೆ. ಅದರ ತಿರುಳಾದ ಕರ್ನಲ್ ಅಪ್‌ಗ್ರೇಡ್ ಆದ ಮರುದಿನ ಅಕ್ಷರ ದಪ್ಪವಾಗಿ, ರೆಸಲ್ಯೂಶನ್ 1024×768ಕ್ಕೆ ಇಳಿದು, ವಿಡಿಯೊ ತಡವರಿಸಿದರೆ ‘ಗ್ರಾಫಿಕ್ಸ್ ಕಾರ್ಡ್ ಹೋಯಿತು, ಫಾರ್ಮ್ಯಾಟ್ ಮಾಡಿಸಿ’ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಸಂಘದ ಲೆಕ್ಕಪತ್ರ, ಫೋಟೊಗಳೆಲ್ಲ ಸುಮ್ಮನೆ ಅಳಿಸಿಹೋಗುತ್ತವೆ.

ಕಾರ್ಡನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಇಂಟೆಲ್, ಎಎಂಡಿ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಹೊರಗಿನದು. ಹೊಸ ಕರ್ನಲ್ ಬಂದಾಗಲೆಲ್ಲ ಡಿಕೆಎಂಎಸ್ ಎಂಬ ಸಾಧನ ಅದನ್ನು ಆ ಕರ್ನಲ್‌ಗಾಗಿ ಮತ್ತೆ ಕಂಪೈಲ್ ಮಾಡಬೇಕು. ಕಂಪೈಲ್‌ಗೆ ಬೇಕಾದ ಆ ಕರ್ನಲ್‌ನ ಹೆಡರ್ಸ್ ಫೈಲ್‌ಗಳು ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಎನ್‌ವಿಡಿಯಾ ಪ್ಯಾಕೇಜ್ ಕರ್ನಲ್ ಒಳಗೇ ಇರುವ ಬದಲಿ ನೂವೋ ಡ್ರೈವರನ್ನು ಮೊದಲೇ ಬ್ಲ್ಯಾಕ್‌ಲಿಸ್ಟ್ ಮಾಡಿ ತಡೆದಿರುವುದರಿಂದ ಅದೂ ಏಳುವುದಿಲ್ಲ. ಆಗ ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ. ಟರ್ಮಿನಲ್‌ನಲ್ಲಿ ‘ಜಿಎಲ್‌ಎಕ್ಸ್‌ಇನ್ಫೊ -ಬಿ’ (ದೊಡ್ಡಕ್ಷರದ B) ಎಂಬ ಆದೇಶ ಕೊಟ್ಟಾಗ ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದರೆ ಆಗಿರುವುದು ಇದೇ.

ಮೊದಲು ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಅದರಲ್ಲಿ ಪರದೆ ಸರಿಯಿದ್ದರೆ ಕಾರ್ಡ್ ಗಟ್ಟಿಯಾಗಿದೆ. ರಿಪೇರಿ ಮುಗಿಯುವವರೆಗೆ ‘ಆಟೋರಿಮೂವ್’ ಕೊಡಬೇಡಿ, ಅದು ಹಳೆಯ ಕರ್ನಲನ್ನೇ ಅಳಿಸಬಹುದು. ನಿಮ್ಮ ಲಿನಕ್ಸ್ ಡೆಬಿಯನ್ ಆಗಿದ್ದರೆ ‘ಲಿನಕ್ಸ್-ಹೆಡರ್ಸ್-ಎಎಂಡಿ64’, ಉಬುಂಟು ಆಗಿದ್ದರೆ ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಹಾಕಿ. ಹೊಸ ಕರ್ನಲ್‌ಗೆ ಮರಳಿ ‘ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಹೆಚ್ಚಿನ ಸಲ ಇಷ್ಟು ಸಾಕು.

‘ಡಿಕೆಎಂಎಸ್ ಸ್ಟೇಟಸ್’ ಇನ್‌ಸ್ಟಾಲ್ ಆಗಿದೆ ಎಂದರೂ ಮಾಡ್ಯೂಲ್ (ಕಂಪೈಲ್ ಆದ ಡ್ರೈವರ್) ಲೋಡ್ ಆಗದಿದ್ದರೆ, ಸಹಿ ಪರಿಶೀಲಿಸುವ ಸೆಕ್ಯೂರ್ ಬೂಟ್ ಆನ್ ಇದೆಯೇ ನೋಡಿ. ಅದು ಆನ್ ಇದ್ದರೆ, ಸಹಿಯ ಕೀ ನೋಂದಣಿಯಾಗದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ‘ಮೋಕ್‌ಯುಟಿಲ್ --ಇಂಪೋರ್ಟ್’ ಮುಂದೆ ಆ ಕೀ ಫೈಲ್ ಕೊಟ್ಟು, ಒಂದು ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ ಬರುತ್ತದೆ. ಅದು ಸಾಮಾನ್ಯವಾಗಿ 10 ಸೆಕೆಂಡಷ್ಟೇ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪಿದರೆ ಇಂಪೋರ್ಟ್‌ನಿಂದಲೇ ಮತ್ತೆ ಶುರು.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವವರಿಗೆ ಇನ್ನೊಂದು ಮಾತು. ಜಿಟಿ 710ರಂಥ, ಎನ್‌ವಿಡಿಯಾದ ಹಳೆಯ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ 470 ಸರಣಿಯ ಡ್ರೈವರೇ ಕೊನೆಯದು, ಎನ್‌ವಿಡಿಯಾ ಅದಕ್ಕೆ 2024ರಲ್ಲಿ ಬೆಂಬಲ ನಿಲ್ಲಿಸಿದೆ. ಹೊಸ ಕರ್ನಲ್‌ನಲ್ಲಿ ಅದು ಕಂಪೈಲ್ ಆಗದಿದ್ದರೆ ಹೆಡರ್ಸ್ ಹಾಕಿಯೂ ಪ್ರಯೋಜನವಿಲ್ಲ. ಎನ್‌ವಿಡಿಯಾ ಪ್ಯಾಕೇಜ್‌ಗಳನ್ನು ಪೂರ್ತಿ ತೆಗೆದು ನೂವೋಗೆ ದಾರಿ ಬಿಡಿ. ಕನ್ನಡ ಟೈಪಿಂಗ್‌ಗೂ ಪತ್ರಿಕೆ ಓದುವುದಕ್ಕೂ ಅದು ಧಾರಾಳವಾಗಿ ಸಾಕು.

— ಓದುಗ, ಮಾಟುಂಗಾ, ಮುಂಬಯಿ