ಐದು ಗಂಟೆಗೆ ಬಂದವನಿಗೂ ಅದೇ ಕೂಲಿ

ಪ್ರೀತಿಯ ಪುಟ್ಟು,

ನಿನ್ನ ಮೆಸೇಜ್ ರಾತ್ರಿ ಹನ್ನೊಂದೂವರೆಗೆ ಬಂದಿದೆ. ನಾನು ಓದಿದ್ದು ಬೆಳಗಿನ ಪೂಜೆ ಮುಗಿಸಿ ಕಾಫಿ ಕುಡಿಯುವಾಗ. ನಿನಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗನಿಗೂ ನಿನ್ನಷ್ಟೇ ಹೈಕ್ ಕೊಟ್ಟರು, ಈಗ ಅವನ ಜೊತೆ ಊಟಕ್ಕೂ ಕೂರುತ್ತಿಲ್ಲ, ಭಾನುವಾರ ಚರ್ಚಿಗೆ ಹೋಗಲೂ ಮನಸ್ಸಿಲ್ಲ, "ದೇವರೂ ನಮ್ಮ ಮ್ಯಾನೇಜರ್ ಥರಾನೇ ಅಲ್ವಾ ಮಾವ" ಅಂತ ಬರೆದಿದ್ದೀಯ. ನಗು ಬಂತು. ಇದು ಹೊಸ ದೂರೇನಲ್ಲ ಕಣೋ, ಬೈಬಲಿನ ಶುಭಸಂದೇಶದಲ್ಲೇ ಇದೆ.

ಮತ್ತಾಯನ 20ನೇ ಅಧ್ಯಾಯ ತೆಗೆ. ಯೇಸು ಹೇಳಿದ ಈ ಕಥೆ ಅವನೊಬ್ಬನಲ್ಲೇ ಇರುವುದು. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ, ಶಿವಾಜಿನಗರ ಚರ್ಚಿನ ಮರಿಯಮ್ಮನ ಹಬ್ಬ ಮುಗಿದ ಒಂದೆರಡು ವಾರಕ್ಕೆ ಭಾನುವಾರದ ಪೂಜೆಯಲ್ಲಿ ಓದುತ್ತೇವೆ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಹೋಗಿ ಕೂಲಿಯವರನ್ನು ಕರೆದು ತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಬಟವಾಡೆ ಮಾಡುವಾಗ ಎಲ್ಲರಿಗೂ ಒಂದೊಂದೇ ಬೆಳ್ಳಿ ನಾಣ್ಯ, ಆಗಿನ ಕಾಲದ ಒಂದು ದಿನದ ಕೂಲಿ.

ಕೆಲವು ವರ್ಷದ ಹಿಂದೆ ಇದರ ಮೇಲೆ ನಾನು ಇಪ್ಪತ್ತು ನಿಮಿಷ ಪ್ರಬೋಧನೆ ಕೊಟ್ಟೆ. ದೇವರ ಉದಾರತೆ, ಕೃಪೆ, ಅದೂ ಇದೂ. ಚೆನ್ನಾಗಿಯೇ ಮಾತಾಡಿದೆ ಅಂದುಕೊಂಡಿದ್ದೆ. ಆಗ ಚರ್ಚಿನ ಕಾಂಪೌಂಡ್ ಕಟ್ಟಲು ಬಂದಿದ್ದ ಒಬ್ಬ ಗಾರೆಯವನು, ರಾಯಚೂರು ಕಡೆಯವನು, ನಮ್ಮವನಲ್ಲ, ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದ. ಹೊರಗೆ ಬಂದಾಗ ಕೇಳಿದ: "ಸ್ವಾಮ್ಯಾರ, ಅಂವ ಸಂಜಿ ಐದರತನಕ ಯಾಕ ನಿಂತಿದ್ದ ಗೊತ್ತೇನ್ರಿ? ಬರಿಗೈಲೆ ಮನಿಗೆ ಹೆಂಗ ಹೋಗ್ಬೇಕ್ರಿ."

ಸೆಮಿನರಿಯಲ್ಲಿ ಅಷ್ಟು ವರ್ಷ ಓದಿದವನಿಗೆ ಇದು ಹೊಳೆದಿರಲಿಲ್ಲ ನೋಡು.

ಮರುವಾರ ನಮ್ಮ ಸರ್ಕಲ್‌ಗೆ ಹೋದೆ. ನೀನೂ ಬೈಕಿನಲ್ಲಿ ದಾಟಿರುತ್ತೀಯ, ಬೆಂಗಳೂರಿನಲ್ಲಿ ಇಂಥ ಜಾಗ ಎಷ್ಟೋ ಇವೆ. ಏಳು ಗಂಟೆಗೆಲ್ಲ ಟಿಫಿನ್ ಕ್ಯಾರಿಯರ್, ಕರಣೆ, ಬಣ್ಣದ ಬ್ರಷ್ ಹಿಡಿದು ಜನ ನಿಂತಿರುತ್ತಾರೆ, ಟೆಂಪೋ ಬಂದ ತಕ್ಷಣ ಓಡುತ್ತಾರೆ, ಮೇಸ್ತ್ರಿ ತೋಳು ನೋಡಿ ವಯಸ್ಸು ನೋಡಿ ನೀನು ಬಾ, ನೀನು ಬೇಡ ಅನ್ನುತ್ತಾನೆ. ಒಂಬತ್ತರ ಹೊತ್ತಿಗೆ ಗಟ್ಟಿಮುಟ್ಟಾದವರೆಲ್ಲ ಖಾಲಿ. ಹತ್ತರ ಮೇಲೂ ಉಳಿಯುವವರು ಯಾರು ಗೊತ್ತಾ? ನರೆತ ತಲೆಯವರು, ಮಗು ಎತ್ತಿಕೊಂಡ ಹೆಂಗಸರು, ಮೊನ್ನೆ ಜ್ವರದಿಂದ ಎದ್ದವನು. ಅವರು ಅಂಗಡಿ ನೆರಳಿಗೂ ಸರಿಯುವುದಿಲ್ಲ, ಕರೆಯುವವನ ಕಣ್ಣಿಗೆ ಬೀಳದೆ ಹೋದರೆ ಅಂತ. ಕಥೆಯಲ್ಲಿ ಯಜಮಾನ ಕೇಳುತ್ತಾನಲ್ಲ, ದಿನವೆಲ್ಲ ಇಲ್ಲಿ ಸುಮ್ನೆ ಯಾಕೆ ನಿಂತಿದ್ದೀರಿ ಅಂತ. ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ ಅವರು. ಆ ಸಾಲನ್ನು ಆಮೇಲೆ ಪೀಠದಿಂದ ಓದುವಾಗ ನನ್ನ ಗಂಟಲು ಹಿಡಿಯಿತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಮೊದಲು ಬಂದವರ ದೂರು ಏನು, ಸರಿಯಾಗಿ ಓದು. ನಮಗೆ ಕಡಿಮೆ ಕೊಟ್ಟೆ ಅಂತಲ್ಲ. ಅವರನ್ನು ನಮಗೆ ಸಮ ಮಾಡಿಬಿಟ್ಟೆ ಅಂತ. ಯಜಮಾನ ಬೇಕಂತಲೇ ಕೊನೆಗೆ ಬಂದವರಿಂದ ಬಟವಾಡೆ ಶುರು ಮಾಡುತ್ತಾನೆ. ಇವರು ಮೊದಲೇ ದುಡ್ಡು ಎಣಿಸಿಕೊಂಡು ಮನೆಗೆ ಹೋಗಿದ್ದರೆ ಖುಷಿಯಾಗಿಯೇ ಇರುತ್ತಿದ್ದರು. ಹೈಕ್ ಬಂದ ದಿನ ನೀನು ಅಮ್ಮನಿಗೆ ಸೀರೆ ತಂದೆ. ಅವನ ಹೈಕ್ ಎಷ್ಟು ಅಂತ ಗೊತ್ತಾಗಿದ್ದು ಮೂರು ದಿನ ಬಿಟ್ಟು. ಆ ಮೂರು ದಿನ ನಿನ್ನ ಸಂಬಳ ಕಡಿಮೆ ಇತ್ತಾ?

ಯಜಮಾನನ ಮಾತು ಗ್ರೀಕ್ ಮೂಲದಲ್ಲಿ ಹೀಗಿದೆ: ನಾನು ಒಳ್ಳೆಯವನಾದರೆ ನಿನ್ನ ಕಣ್ಣು ಯಾಕೆ ಕೆಟ್ಟದಾಗಬೇಕು? ಎಷ್ಟೋ ಅನುವಾದದಲ್ಲಿ ಅದು ಬರೀ ಹೊಟ್ಟೆಕಿಚ್ಚು ಆಗಿಬಿಡುತ್ತದೆ. ಆದರೆ ಕಣ್ಣು ಹಾಕುವುದು ಅಂದರೆ ಏನು ಅಂತ ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು.

ನನಗೇನೂ ಈ ಕಣ್ಣು ಇಲ್ಲ ಅಂದುಕೊಳ್ಳಬೇಡ. ನನಗಿಂತ ಚಿಕ್ಕ ಗುರುಗಳೊಬ್ಬರಿಗೆ ದೊಡ್ಡ ಧರ್ಮಕೇಂದ್ರ ಸಿಕ್ಕಿದಾಗ ನಾನು ಒಂದು ತಿಂಗಳು ಅವರ ಫೋನ್ ಎತ್ತಲಿಲ್ಲ. ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಳ್ಳಲು ಇನ್ನೂ ಒಂದು ತಿಂಗಳು ಬೇಕಾಯಿತು. ಯೇಸುವಿನ ಶಿಷ್ಯ ಪೇತ್ರನೂ ಈ ಕಥೆಗೆ ಸ್ವಲ್ಪ ಮುಂಚೆ ಕೇಳಿದ್ದು ಇದೇ ಧಾಟಿಯಲ್ಲಿ: ನಾವು ಎಲ್ಲ ಬಿಟ್ಟು ಬಂದೆವು, ನಮಗೇನು ಸಿಗುತ್ತದೆ?

ಹಾಗಂತ ಈ ಸಾಮತಿ ಕಥೆ ತೋರಿಸಿ ಬಾಯಿ ಮುಚ್ಚಿಕೊಂಡಿರು ಅಂತ ನಾನು ಹೇಳುವುದಿಲ್ಲ. ಕೂಲಿಯವನ ದುಡ್ಡು ಸೂರ್ಯ ಮುಳುಗುವ ಮುಂಚೆ ಕೊಡಬೇಕು ಅಂತ ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದೆ. 1891ರಲ್ಲಿ 13ನೇ ಲಿಯೋ ಪೋಪ್ ಬರೆದ ಪತ್ರ ಪೂರ್ತಿ ದುಡಿಯುವವರ ಬಗ್ಗೆ, ನ್ಯಾಯವಾದ ಸಂಬಳದ ಬಗ್ಗೆ. ಈಗಿನ ಪೋಪ್ ಲಿಯೋ ಅನ್ನುವ ಹೆಸರು ಆರಿಸಿಕೊಂಡಿದ್ದಕ್ಕೂ ಅದು ಒಂದು ಕಾರಣ. ನಿನ್ನ ಕೆಲಸಕ್ಕೆ ಇನ್ನೂ ಜಾಸ್ತಿ ಬರಬೇಕು ಅನ್ನಿಸಿದರೆ ಹೋಗಿ ಕೇಳು, ಲೆಕ್ಕ ಹಿಡಿದುಕೊಂಡು ಕೇಳು. ಆದರೆ ನನ್ನ ಕೆಲಸಕ್ಕೆ ಇಷ್ಟು ಅಂತ ಕೇಳು. ಅವನಿಗೆ ಯಾಕೆ ಅಷ್ಟು ಅಂತ ಬೇಡ.

ಆ ಹುಡುಗನ ಬಗ್ಗೆ ನೀನೇ ಒಮ್ಮೆ ಹೇಳಿದ್ದೆ, ನೆನಪಿದೆಯಾ? ನಿಮ್ಮಲ್ಲಿ ಸೇರುವ ಮುಂಚೆ ಏಳು ತಿಂಗಳು ಕೆಲಸ ಇರಲಿಲ್ಲ, ಪಿಜಿ ಬಾಡಿಗೆಗೆ ಅಕ್ಕನ ಬಳೆ ಅಡ ಇಟ್ಟಿದ್ದ ಅಂತ. ಅವನೂ ಐದು ಗಂಟೆಯವರೆಗೆ ನಿಂತವನೇ. ನಾಳೆ ಅವನ ಜೊತೆ ಊಟಕ್ಕೆ ಹೋಗು. ಏನೂ ಮಾತಾಡದಿದ್ದರೂ ಪರವಾಗಿಲ್ಲ, ಅನ್ನ ಸಾರು ಹಂಚಿಕೊಂಡರೆ ಸಾಕು.

ಚರ್ಚಿಗೆ ಬರಲು ಮನಸ್ಸಿಲ್ಲ ಅಂದೆಯಲ್ಲ, ಆ ಸಿಟ್ಟು ಹೊತ್ತುಕೊಂಡೇ ಬಾ. ಗೊಣಗಿದವರು ಯಜಮಾನನ ಎದುರಿಗೇ ಗೊಣಗಿದರು. ಅವನು ಅವರಲ್ಲಿ ಒಬ್ಬನನ್ನು ಗೆಳೆಯಾ ಅಂತಲೇ ಕರೆದ.

ಶನಿವಾರ ರಜೆ ತಾನೇ? ಬೆಳಗ್ಗೆ ಏಳಕ್ಕೆ ಸರ್ಕಲ್ ಹತ್ತಿರ ಬಾ, ಟೀ ಕುಡಿಯೋಣ. ಹತ್ತು ಗಂಟೆಯವರೆಗೆ ನಿಲ್ಲಬೇಕಾಗುತ್ತದೆ, ಟೋಪಿ ತಂದುಕೋ. ಅಮ್ಮನಿಗೆ ಸೀರೆ ಬಣ್ಣ ಚೆನ್ನಾಗಿದೆ ಅಂತ ಹೇಳು, ಫೋಟೋ ಕಳಿಸಿದ್ದಳು.

ನಿನ್ನ ಫಾದರ್ ಮಾವ